ನಿಂತು ಕೆಲಸ ಮಾಡುವ ಶೆಡ್ಡು

ನನ್ನ ತಮ್ಮನಿಗೆ ಲಕ್ವ ಹೊಡೆದದ್ದು ಬಿಳಿಚೋಡಿನಲ್ಲಿ, ಅವನ ಮನೆಯ ಜಗಲಿಯ ಮೇಲೆ, ಬೆಳಿಗ್ಗೆ ಕೈಯಲ್ಲಿ ಉಳಿ ಹಿಡಿದಿದ್ದಾಗ. ಬಲಗೈ, ಬಲಗಾಲು ಎರಡೂ ಸೋತವು. ದಾವಣಗೆರೆಯ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದು ಕೋಲು ಹಿಡಿದು ನಡೆಯುವಷ್ಟಾದ. ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ಕೈ ತಿರುಗಿ ಬರುವುದಿದ್ದರೆ ಬಹುಪಾಲು ಮೊದಲ ಆರು ತಿಂಗಳಲ್ಲೇ ಬರುತ್ತದೆ. ಸುಮ್ಮನೆ ಕೂರಿಸಬೇಡಿ. ಅವರಿಗೆ ಗೊತ್ತಿರುವ ಕೆಲಸವನ್ನೇ ದಿನಾ ಮಾಡಿಸಿ. ಬಿಸಿಲಿಗೆ ಮಾತ್ರ ಬಿಡಬೇಡಿ.

ಅವನು ಬಡಗಿ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕೈ ಕೂರಿಗೆ, ಕುಂಟೆ, ತೊಟ್ಟಿಲು, ಬಾಗಿಲು ಮಾಡಿತ್ತು. ನಾನೂ ಬಡಗಿಯ ಮಗನೇ. ಆದರೆ ನನ್ನನ್ನು ಓದಿಸಿದರು. ನಾನು ಸರ್ಕಾರಿ ತರಬೇತಿ ಕೇಂದ್ರದಲ್ಲಿ ಮರಗೆಲಸ ಕಲಿಸುವ ಬೋಧಕನಾಗಿ ಮೂವತ್ತೊಂದು ವರ್ಷ ಕೆಲಸ ಮಾಡಿ ಚನ್ನಗಿರಿಯಲ್ಲಿ ನಿವೃತ್ತನಾದೆ. ಡಾಕ್ಟರ ಮಾತು ನನಗೆ ಒಂದು ಆದೇಶದ ಹಾಗೆ ಕೇಳಿಸಿತು. ಗಡುವು ಇದೆ, ಕೆಲಸ ಇದೆ, ಮಾಡುವ ಕ್ರಮ ನನಗೆ ಗೊತ್ತಿದೆ. ತಮ್ಮನನ್ನೂ ಅವನ ಹೆಂಡತಿಯನ್ನೂ ಆಸ್ಪತ್ರೆಯಿಂದ ನೇರ ನನ್ನ ಮನೆಗೇ ಕರೆತಂದೆ. ಮರುದಿನ ಬೆಳಿಗ್ಗೆ ಏಳು ಗಂಟೆಗೆ ಹಿತ್ತಲಿನಲ್ಲಿ ಟೇಪು ಹಿಡಿದು ನಿಂತಿದ್ದೆ.

ಹತ್ತು ಅಡಿ ಅಗಲ, ಹದಿನಾಲ್ಕು ಅಡಿ ಉದ್ದದ ಜಾಗ. ನನ್ನ ಹೆಂಡತಿ ಇದ್ದಾಗ ಅಲ್ಲಿ ಮೆಂತ್ಯ, ಹರಿವೆ ಬೆಳೆಯುತ್ತಿದ್ದಳು. ಅವಳು ತೀರಿಕೊಂಡು ಮೂರು ವರ್ಷವಾಗಿತ್ತು. ನಾನು ಅತ್ತ ಕಾಲಿಟ್ಟಿರಲಿಲ್ಲ. ಕಳೆ ಸೊಂಟದವರೆಗೆ ಬೆಳೆದಿತ್ತು. ಅದನ್ನು ಕೀಳಿಸಿ, ನೆಲ ಗಟ್ಟಿ ಮಾಡಿಸಿ, ಸಿಮೆಂಟು ಹಾಕಿಸಿದೆ.

ಬರೀ ತಗಡಿನ ಶೆಡ್ಡು ಬೇಸಿಗೆಯಲ್ಲಿ ಒಲೆ ಇದ್ದ ಹಾಗೆ. ಬಿಸಿಲು ಬೇಡವೆಂದಿದ್ದರಲ್ಲ, ಆದ್ದರಿಂದ ಮಾಡಿನ ತಗಡಿನ ಕೆಳಗೆ ಥರ್ಮಾಕೋಲು, ಅದರ ಕೆಳಗೆ ಪ್ಲೈವುಡ್ಡು ಹೊಡೆಸಿದೆ. ಗೋಡೆಗಳಿಗೆ ಬೇರೆ ಉಪಾಯ. ತಗಡಿಗೂ ಪ್ಲೈವುಡ್ಡಿಗೂ ನಡುವೆ ಮೂರಿಂಚು ಸಂದಿ ಬಿಟ್ಟು ಒಣಗಿದ ಅಡಿಕೆ ಸಿಪ್ಪೆ ತುಂಬಿಸಿದೆ. ನಲ್ಲೂರಿನ ದಾರಿಯಲ್ಲಿ ಅದು ರಾಶಿ ರಾಶಿ ಬಿದ್ದಿರುತ್ತದೆ. ಕೇಳಿದರೆ ಪುಣ್ಯ ಬರುತ್ತೆ ತಗೊಂಡು ಹೋಗ್ರಿ ಎನ್ನುತ್ತಾರೆ. ಹತ್ತು ದಿನ ಅಂಗಳದಲ್ಲಿ ಹರವಿ ಒಣಗಿಸಿ, ಗೆದ್ದಲು ಹಿಡಿಯದಂತೆ ಬೇವಿನ ಎಣ್ಣೆ ಚಿಮುಕಿಸಿ, ಒಂದೊಂದು ಅಡಿ ತುಂಬಿದ ಮೇಲೂ ಕೋಲಿನಿಂದ ಜಡಿದು ಮತ್ತೆ ತುಂಬಿಸಿದೆವು. ಸಡಿಲವಾಗಿ ಸುರಿದರೆ ಕಾಲ ಕಳೆದಂತೆ ಕುಸಿಯುತ್ತದೆ, ಮೇಲೆ ಖಾಲಿ ಬೀಳುತ್ತದೆ, ಅಲ್ಲಿಂದಲೇ ಕಾವು ನುಗ್ಗುತ್ತದೆ. ಬಾಗಿಲಿನ ಅಂಚಿಗೆ ರಬ್ಬರು ಪಟ್ಟಿ. ಉತ್ತರಕ್ಕೆ ಒಂದೇ ಕಿಟಕಿ, ತೆರೆಯದ ಗಾಜು. ಬೆಳಕು ಬರಬೇಕು, ಬಿಸಿಲು ಬರಬಾರದು.

ತಗಡಿನ ಕೆಲಸದವನು ನ್ಯಾಮತಿಯವನು, ನನ್ನ ಹಳೆಯ ವಿದ್ಯಾರ್ಥಿ. ಈಗ ಅವನಿಗೇ ತಲೆ ನರೆತಿದೆ. ಆದರೂ ನಾನು ಹತ್ತಿರ ಹೋದರೆ ಬೀಡಿ ಹಿಂದೆ ಮುಚ್ಚಿಡುತ್ತಿದ್ದ.

"ಸಾರ್, ನನ್ನ ಹೆಂಡ್ತಿಗೂ ನಾನು ಇಷ್ಟು ಮುಚ್ಚಟೆಯಿಂದ ಮನೆ ಕಟ್ಸಿಲ್ಲ" ಎಂದ.

"ಅದಕ್ಕೇ ಅವಳು ತವರಿಗೆ ಹೋಗ್ತಿರೋದು. ಆ ಮೂಲೆಯ ಸ್ಕ್ರೂ ಬಿಗಿ ಮಾಡು."

"ಆಗ ಹೆಂಗಿದ್ರೋ ಈಗ್ಲೂ ಹಂಗೇ ಅದೀರಿ ಸಾರ್. ಬೆತ್ತ ಒಂದಿಲ್ಲ ನೋಡ್ರಿ."

ತಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ. ಒಂದು ದಿನ ಮೆಲ್ಲಗೆ, "ಅಣ್ಣ, ಒಂದು ಹಲಗೆ ತುಂಡು ಕೊಟ್ರೆ ಇಲ್ಲೇ ಕುಂತು ಏನಾರ ಕೆತ್ತಾಕೆ ನೋಡ್ತೀನಿ" ಎಂದ.

"ಶೆಡ್ಡು ಮುಗೀಲಿ. ಸರಿಯಾಗಿ ಶುರು ಮಾಡೋಣ" ಎಂದೆ.

"ಹೂಂ ಅಣ್ಣ" ಎಂದ.

ಶೆಡ್ಡು ಮುಗಿಯಲು ಒಂದೂವರೆ ತಿಂಗಳು ಹಿಡಿಯಿತು. ಆರರಲ್ಲಿ ಒಂದೂವರೆ ಹೋಯಿತು ಎಂಬ ಲೆಕ್ಕ ನನ್ನ ತಲೆಯಲ್ಲಿತ್ತು. ಆದರೆ ತಳಪಾಯ ಸರಿಯಿದ್ದರೆ ಮುಂದಿನದು ಬೇಗ ಸಾಗುತ್ತದೆ ಎಂದು ನಂಬಿದ್ದೆ. ಒಳಗೆ ಸೊಂಟದೆತ್ತರದ ಬೆಂಚು, ಮರವನ್ನು ಕಚ್ಚಿ ಹಿಡಿಯಲು ಅದಕ್ಕೊಂದು ಕಬ್ಬಿಣದ ವೈಸು. ಗೋಡೆಗೆ ಸಾಮಾನಿನ ಹಲಗೆ. ಪ್ರತಿ ಸಾಮಾನಿನ ಆಕಾರವನ್ನು ಅದರ ಹಿಂದೆ ಕಪ್ಪು ಬಣ್ಣದಲ್ಲಿ ಬರೆದೆ. ಉಳಿ ತೆಗೆದರೆ ಉಳಿಯ ನೆರಳು ಕಾಣಬೇಕು, ಸಂಜೆ ಯಾವ ನೆರಳೂ ಕಾಣಬಾರದು. ಇದು ತರಬೇತಿ ಕೇಂದ್ರದ ಕ್ರಮ. ಅವನಿಗೆ ದಪ್ಪ ಅಟ್ಟೆಯ ಕ್ಯಾನ್ವಾಸ್ ಷೂ ತಂದೆ. ಬರಿಗಾಲಲ್ಲಿ ಕಾರ್ಯಾಗಾರಕ್ಕೆ ಬರುವವರನ್ನು ನಾನು ಎಂದೂ ಒಳಗೆ ಬಿಟ್ಟವನಲ್ಲ.

ಬೆಳಿಗ್ಗೆ ಹತ್ತರಿಂದ ಹನ್ನೆರಡು, ಮಧ್ಯಾಹ್ನ ಮೂರರಿಂದ ಐದು. ಮೊದಲ ವಾರ ಉಪ್ಪುಕಾಗದದಿಂದ ಉಜ್ಜುವುದು, ಎರಡನೆಯ ವಾರ ಗರಗಸ, ಮೂರನೆಯದಕ್ಕೆ ಉಳಿ. ಇಷ್ಟು ದಿನಕ್ಕೆ ಇಷ್ಟು ಎಂದು ಹಾಳೆಯ ಮೇಲೆ ಬರೆದು ಬಾಗಿಲಿಗೆ ಅಂಟಿಸಿದೆ.

ಮೊದಲ ದಿನ ಅವನು ಒಳಗೆ ಬಂದು ಸುತ್ತ ನೋಡಿದ. ಹೊರಗೆ ಬಿಸಿಲು ಕಾದಿತ್ತು, ಒಳಗೆ ತಂಪಿತ್ತು. ಬಾಗಿಲು ಮುಚ್ಚಿದರೆ ರಸ್ತೆಯ ಒಂದು ಸದ್ದೂ ಕೇಳುತ್ತಿರಲಿಲ್ಲ. "ಚೆನ್ನಾಗೈತೆ ಅಣ್ಣ, ಭಾಳ ಚೆನ್ನಾಗೈತೆ" ಎಂದ. ಎಡಗೈಯಿಂದ ಬೆಂಚಿನ ಅಂಚನ್ನು ಹಿಡಿದುಕೊಂಡ. ಬಲಗೈಯನ್ನು ನಾನೇ ಎತ್ತಿ ಉಪ್ಪುಕಾಗದದ ಮೇಲಿಟ್ಟೆ.

ಕೆಲಸ ಸಾಗಲಿಲ್ಲ. ಎಡಗೈ ಎಲ್ಲವನ್ನೂ ಮಾಡಲು ಮುಂದೆ ಬರುತ್ತಿತ್ತು, ಬಲಗೈ ಹಲಗೆಯ ಮೇಲೆ ಬಿದ್ದಿರುತ್ತಿತ್ತು. ಅರ್ಧ ಗಂಟೆಗೆ ಅವನ ಮುಖ ಬೆವರುತ್ತಿತ್ತು. "ಎಡಗೈ ಹಿಂದಕ್ಕೆ ಕಟ್ಟು" ಎನ್ನುತ್ತಿದ್ದೆ. ಕಟ್ಟುತ್ತಿದ್ದ. ಎರಡನೆಯ ವಾರ ಒಮ್ಮೆ ಮಾತ್ರ ಕೇಳಿದ: "ಬಾಗ್ಲು ಒಂಚೂರು ತೆಗೆದಿಡಾಕೆ ಬರುತ್ತಾ ಅಣ್ಣ? ಯಾರಾರ ಅಡ್ಡಾಡೋದು ಕಾಣ್ತೈತೆ."

"ತೆಗೆದರೆ ಕಾವು ಒಳಗೆ ಬರುತ್ತೆ. ಮುಚ್ಚೋಕೇ ತಾನೇ ಇಷ್ಟೆಲ್ಲ ಮಾಡಿರೋದು?"

"ಅದೂ ಖರೇ." ಮತ್ತೆ ಆ ಮಾತು ಎತ್ತಲಿಲ್ಲ.

ಮೂರನೆಯ ತಿಂಗಳಲ್ಲಿ ಬಿಳಿಚೋಡಿನಿಂದ ಒಬ್ಬ ಹಿರಿಯರು ಬಂದರು. ಕುರಿ ಸಾಕುವವರು, ತಮ್ಮನ ಜಗಲಿಯಲ್ಲಿ ದಿನಾ ಕೂತು ಹರಟುತ್ತಿದ್ದವರು. ಅವರ ಮಗಳನ್ನು ನಲ್ಲೂರಿಗೆ ಕೊಟ್ಟಿದ್ದರು. ಅಲ್ಲಿಗೆ ಬಂದವರು ಹಾಗೇ ನಮ್ಮಲ್ಲಿಗೂ ಬಂದಿದ್ದರು. ಶೆಡ್ಡಿನ ಬಾಗಿಲು ತೆಗೆದು, "ಏನಪಾ ಮಾರಾಯ, ನಿಮ್ಮಣ್ಣ ನಿನ್ನ ಕೋಲ್ಡ್ ಸ್ಟೋರೇಜಿನಾಗೆ ಇಟ್ಟಾನಲ್ಲೋ" ಎಂದರು. ತಮ್ಮ ನಕ್ಕ. ಲಕ್ವ ಹೊಡೆದ ಮೇಲೆ ಅವನು ನಕ್ಕದ್ದನ್ನು ನಾನು ಅಂದೇ ನೋಡಿದ್ದು. ನನಗೆ ಬ್ಯಾಂಕಿನಲ್ಲಿ ಕೆಲಸವಿತ್ತು, ಇಬ್ಬರನ್ನೂ ಬಿಟ್ಟು ಹೋದೆ.

ಹನ್ನೊಂದೂವರೆಗೆ ತಿರುಗಿ ಬಂದಾಗ ಬಾಗಿಲು ಹಾರು ಹೊಡೆದಿತ್ತು. ಇಬ್ಬರೂ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ತಮ್ಮನ ಷೂ ಮೂಲೆಯಲ್ಲಿ ಬಿದ್ದಿತ್ತು. ನೆಲದ ಮೇಲೆಲ್ಲ ಮರದ ಹೊಟ್ಟು. ಹಿರಿಯರು ಮಳೆಯ ಮಾತು ಆಡುತ್ತಿದ್ದರು. ನನ್ನನ್ನು ಕಂಡ ಕೂಡಲೇ ತಮ್ಮ ಬೆಂಚು ಹಿಡಿದು ಏಳಲು ಹೋಗಿ, ಏಳಲಾಗದೆ, ಹಿರಿಯರ ಭುಜ ಹಿಡಿದು ಎದ್ದ.

"ಕೂರೋಕೆ ಸ್ಟೂಲ್ ಇದೆಯಲ್ಲ, ನೆಲದ ಮೇಲೆ ಯಾಕೆ? ಷೂ ಹಾಕ್ಕೋ" ಎಂದೆ. ಪೊರಕೆ ತಂದು ಹೊಟ್ಟು ಗುಡಿಸಿದೆ. ಹೊಟ್ಟು ಎಲ್ಲಿಂದ ಬಂತು ಎಂದು ಕೇಳಲಿಲ್ಲ. ಅದು ಉದ್ದುದ್ದಕ್ಕೆ ಸುರುಳಿಯಾಗಿ ಎದ್ದ ಹೊಟ್ಟು. ಮರ ನುಣುಪು ಮಾಡುವ ಹತ್ತರಿಯನ್ನು ಎರಡು ಕೈಯಿಂದ ಎಳೆಯದೆ ಹಾಗೆ ಏಳುವುದಿಲ್ಲ. ಮೂವತ್ತೊಂದು ವರ್ಷ ಇದನ್ನೇ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಅಂದು ಅದನ್ನು ಗೋಣಿಚೀಲಕ್ಕೆ ತುಂಬಿ ಹೊರಗಿಟ್ಟೆ.

ನಾಲ್ಕನೆಯ ತಿಂಗಳು ಮುಗಿಯುವಾಗ ಅವನ ಮೊಣಕಾಲು ಊದಿಕೊಂಡಿತು. ಡಾಕ್ಟರು ಬಲಗೈ ಬೆರಳುಗಳನ್ನು ಬಿಡಿಸಿ ನೋಡಿದರು. ಬಿಟ್ಟ ಕೂಡಲೇ ಬೆರಳುಗಳು ಒಳಕ್ಕೆ ಮಡಚಿಕೊಂಡವು. "ಬಿಗೀತಾ ಇದೆ. ಕೆಲಸ ಮಾಡಿಸ್ತಿದೀರಾ?" ಎಂದು ಕೇಳಿದರು. ದಿನಕ್ಕೆ ನಾಲ್ಕು ಗಂಟೆ, ಒಂದು ದಿನವೂ ತಪ್ಪಿಸಿಲ್ಲ ಎಂದೆ. ಅವರು ತಲೆ ತಗ್ಗಿಸಿ ಮಾತ್ರೆಯ ಚೀಟಿ ಬರೆದರು.

ಆ ಸಂಜೆ ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ನಾಳೆಯಿಂದ ವೇಳೆಯನ್ನು ಅರ್ಧ ಗಂಟೆ ಹೆಚ್ಚಿಸಬೇಕು ಎಂದು ನಾನು ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಭಾವಾರೆ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅವರು ಹುಟ್ಟಿದಾಗಿಂದ ನಿಂತ್ಕಂಡು ಕೆಲ್ಸ ಮಾಡಿದವರಲ್ಲ."

ಅವಳು ಹಿಟ್ಟಿನ ಕೈ ಒರೆಸಿಕೊಂಡಳು.

"ನೆಲದ ಮ್ಯಾಲೆ ಕುಂತು, ಎರಡೂ ಪಾದದಾಗೆ ಮರ ಹಿಡಕಂಡು ಕೆಲ್ಸ ಮಾಡೋರು. ಕಾಲಾಗೆ ಹಿಡಿದ್ರೇನೇ ಅವರಿಗೆ ಕೈ ಓಡೋದು. ಆವತ್ತು ಕುರಿ ಗೌಡ್ರು ಬಂದಾಗ ಹಂಗೇ ಕುಂತಿದ್ರಂತೆ. ಎರಡೂ ಕೈಲಿ ಹತ್ತರಿ ಎಳೆದೆ ಕಣೇ ಅಂತ ನನ್ನ ಮುಂದೆ ಹೇಳಿ ಅತ್ತರು. ನಿಮ್ಮುಂದೆ ಹೇಳ್ರಿ ಅಂದ್ರೆ ಒಲ್ಲೆ ಅಂದ್ರು."

"ಯಾಕೆ?"

"ನಿಮಗೆ ಎದುರು ಮಾತಾಡಿದ್ದು ಯಾವಾಗ ಕಂಡೀರಿ?"

ಅವನು ಕೂತು ಕೆಲಸ ಮಾಡುವವನೆಂದು ನನಗೆ ಗೊತ್ತಿರಲಿಲ್ಲ ಎನ್ನುವಂತಿರಲಿಲ್ಲ. ನಮ್ಮಪ್ಪ ನನಗೂ ನೆಲದ ಮೇಲೆ ಕೂರಿಸಿಯೇ ಕೆಲಸ ಕಲಿಸಿದ್ದು. ನಾನು ತರಬೇತಿಗೆ ಸೇರಿದ ಮೊದಲ ವಾರ, ಅಭ್ಯಾಸಬಲದಿಂದ ಹಲಗೆಯನ್ನು ಪಾದದಲ್ಲಿ ಒತ್ತಿ ಹಿಡಿದಿದ್ದೆ. ಮೇಷ್ಟ್ರು ಉಕ್ಕಿನ ಅಳತೆಪಟ್ಟಿಯಿಂದ ಪಾದದ ಮೇಲೆ ಹೊಡೆದರು. ಮತ್ತೆ ಹಿಡಿಯಲಿಲ್ಲ. ಆಮೇಲೆ ನಾನು ಬೋಧಕನಾದಾಗ, ಹಳ್ಳಿಯಿಂದ ಬಂದ ಬಡಗಿಯ ಮಕ್ಕಳ ಪಾದದ ಮೇಲೆ ನಾನೂ ಹೊಡೆದಿದ್ದೇನೆ. ಅವರು ಬೇಗ ಕಲಿತರು ಎಂದು ನನಗೆ ಹೆಮ್ಮೆಯಿತ್ತು.

ಮರುದಿನ ನ್ಯಾಮತಿಯವನನ್ನು ಕರೆಸಿ ಬೆಂಚಿನ ಬೋಲ್ಟು ಬಿಚ್ಚಿಸಿದೆ. "ಸಾರ್, ಇಷ್ಟು ಗಟ್ಟಿ ಕೂರಿಸಿದ್ದು ಬಿಚ್ಚಾಕಾ?" ಎಂದು ನಗಲು ಹೋದವನು ನನ್ನ ಮುಖ ನೋಡಿ ಸ್ಪ್ಯಾನರ್ ಎತ್ತಿಕೊಂಡ. ನೆಲಕ್ಕೆ ಒಂದು ಹಲಗೆ, ಅದರ ಮೇಲೆ ಚಾಪೆ ಹಾಕಿದೆ. ಬಾಗಿಲನ್ನು ಪೂರ್ತಿ ತೆಗೆದು, ಮುಚ್ಚಿಕೊಳ್ಳದಂತೆ ಕಲ್ಲು ಕೊಟ್ಟೆ. ತಮ್ಮನನ್ನು ಕರೆದು ಕೂರಿಸಿ ನಾನೇ ಷೂ ಬಿಚ್ಚಿದೆ. ಅವನು ಬೇಡ ಬೇಡ ಎಂದು ಕಾಲು ಹಿಂದಕ್ಕೆ ಎಳೆದುಕೊಂಡ. ಅಣ್ಣನ ಕೈಗೆ ಕಾಲು ಕೊಡುವುದು ಅವನಿಂದಾಗಲಿಲ್ಲ. ಕೊನೆಗೆ ಅವನ ಹೆಂಡತಿ ಬಂದು ಬಿಚ್ಚಿದಳು.

ಎಡಪಾದ ಮರವನ್ನು ಹಿಡಿಯಿತು. ಬಲಪಾದ ಅದರ ಪಕ್ಕಕ್ಕೆ ಬಂತು, ಒತ್ತಲಿಲ್ಲ. ಬಲಗಾಲ ಬೆರಳುಗಳೂ ಕೈಬೆರಳಿನ ಹಾಗೆ ಒಳಕ್ಕೆ ಬಾಗಿದ್ದವು. ಮರ ಜಾರಿತು. ಮತ್ತೆ ಇಟ್ಟ, ಮತ್ತೆ ಜಾರಿತು. ಹಾಗೆ ಒಂದು ತಿಂಗಳು ದಿನಾ ಮಾಡಿದ. ಈ ಸಲ ವೇಳೆಯನ್ನು ಅವನೇ ಇಟ್ಟುಕೊಂಡ, ಬೆಳಗಾದರೆ ಕೂತಿರುತ್ತಿದ್ದ. ಕೈ ತೆರೆಯಲಿಲ್ಲ. ಮೊದಲೇ ಕೂರಿಸಿದ್ದರೆ ತೆರೆಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. ಹಾಗೆಲ್ಲ ಹೇಳಲು ಬರುವುದಿಲ್ಲ ಎಂದರು. ನನ್ನ ಕಣ್ಣು ತಪ್ಪಿಸಿ ಹೇಳಿದರು.

ಆರನೆಯ ತಿಂಗಳ ಕೊನೆಗೆ ತಮ್ಮ ಊರಿಗೆ ಹೊರಟ. ಬಸ್‌ಸ್ಟ್ಯಾಂಡಿನಲ್ಲಿ ಅವನ ಹೆಂಡತಿ ನೀರಿನ ಬಾಟಲಿ ತರಲು ಹೋದಾಗ ಕೇಳಿದೆ, "ನನಗೆ ಒಂದು ಮಾತು ಯಾಕೆ ಹೇಳಲಿಲ್ಲ?"

ಅವನು ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ. "ಅತ್ತಿಗೆ ಹೋದಮ್ಯಾಲೆ ನೀನು ಯಾವ ಕೆಲ್ಸಕ್ಕೂ ಕೈ ಹಾಕಿರ್ಲಿಲ್ಲ ಅಣ್ಣ. ಶೆಡ್ಡು ಶುರುವಾದ್ಮ್ಯಾಲೆ ಬೆಳಿಗ್ಗೆ ನೀನು ಸಿಳ್ಳೆ ಹಾಕ್ತಾ ಓಡಾಡೋದು ಕೇಳ್ತಿತ್ತು. ನಂದೇನು, ನಾಳೆ ಆಗ್ತೈತೆ ಬಿಡು ಅನ್ಕಂಡೆ."

ದಾವಣಗೆರೆ ಬಸ್ಸು ಬಂತು. ಅವರನ್ನು ಹತ್ತಿಸಿದೆ.

ಎರಡು ತಿಂಗಳಾದ ಮೇಲೆ ಬಿಳಿಚೋಡಿಗೆ ಹೋದೆ. ಅವನು ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಒಬ್ಬ ರೈತ ಹಿಡಿ ಮುರಿದ ಕೊಡಲಿ ತೆಗೆದುಕೊಂಡು ಬಂದು, ಹಳೇ ರೂಢಿಯಲ್ಲಿ ಜಗಲಿಯ ಮೇಲಿಟ್ಟ.

"ಒಂದು ಕಾವು ಹಾಕಿಕೊಡಪ್ಪ. ಹತ್ತು ನಿಮಿಷದ ಕೆಲ್ಸ ನಿಂಗೆ."

"ಆಗಲ್ಲ" ಎಂದ ತಮ್ಮ. "ಇನ್ನ ಆಗಲ್ಲ. ಜಗಳೂರಿಗೆ ಹೋಗ್ರಿ."

ರೈತ ನನ್ನ ಕಡೆ ನೋಡಿದ. ನಾನೂ ಬಡಗಿ ಎಂದು ಅವನಿಗೆ ಗೊತ್ತಿತ್ತು. ಸಾಮಾನೆಲ್ಲ ಒಳಗೇ ಇದ್ದವು, ನನ್ನ ಎರಡು ಕೈಯೂ ನೆಟ್ಟಗಿದ್ದವು. ತಮ್ಮನ ಎದುರು ಅವನ ಉಳಿ ಮುಟ್ಟಲು ನನಗೆ ಮನಸ್ಸಾಗಲಿಲ್ಲ. ಅವನು ಕೊಡಲಿ ಎತ್ತಿಕೊಂಡು ಹೊರಟ. ಅವನು ರಸ್ತೆ ತಿರುಗುವವರೆಗೂ ನಾವಿಬ್ಬರೂ ಅತ್ತಲೇ ನೋಡುತ್ತ ಕೂತಿದ್ದೆವು.