ಮೆಕ್ಸಿಕೋಕ್ಕೆ ನೀವೂ ಬರ್ರಲಾ

ಮೊನ್ನೆ ಸಂಜೆ ಎದುರು ಮನೆಯ ಕಾಕು ಟ್ರ್ಯಾಕ್ಟರಿನ ಟ್ಯೂಬೊಂದನ್ನು ಹೆಗಲಿಗೆ ಹಾಕಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಇಳಿಸಿದರು. ತೂತು ಬಿದ್ದಿದೆಯೋ ಏನೋ ನೋಡಬೇಕು, ಪಂಪು ಕೊಡು ಎಂದರು. ಬಿಸಿಲಿಗೆ ಕಾದ ಆ ಕಪ್ಪು ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ತೀರಿಹೋದ ಅವರ ಗಂಡ, ನಮ್ಮ ಕಾಕಾ, ಎದುರಿಗೆ ಬಂದು ನಿಂತಂತಾಯಿತು...

ಕಾಕಾ ಟಿಕೋಟಾದ ಕಡೆ ದ್ರಾಕ್ಷಿ ತೋಟ ಮಾಡಿದವರು. ಅಥಣಿ ರಸ್ತೆಯಲ್ಲಿ ನಮ್ಮೆದುರಿಗೆ ಮನೆ ಕಟ್ಟಿಸಿದ್ದರು. ಕಂಡವರನ್ನೆಲ್ಲ ಕರೆಯುವುದು ಅವರಿಗಿದ್ದ ಒಂದೇ ಚಟ. ಉಣ್ಣುವಾಗ ಬಾಗಿಲಲ್ಲಿ ಯಾರಾದರೂ ಸುಳಿದರೆ ನಾವೂ "ಬರ್ರಿ, ಊಟಾ ಮಾಡ್ರಿ" ಅನ್ನುತ್ತೇವೆ. ಬಂದವರು "ಈಗ ಆತ್ರಿ" ಅನ್ನುತ್ತಾರೆ, ಎರಡೂ ಕಡೆ ಮರ್ಯಾದೆ ಉಳಿಯುತ್ತದೆ. ಕಾಕಾ ಹಾಗಲ್ಲ, ಕೈ ಹಿಡಿದು ಎಳೆದು ಕೂರಿಸುತ್ತಿದ್ದರು. ಅದಕ್ಕೇ ಕಾಕು ದಿನಾ ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿದಿಡುತ್ತಿದ್ದರು.

ಕಾಕು ಸಮುದ್ರ ನೋಡಿರಲಿಲ್ಲ. ತೋರಿಸುತ್ತೇನೆಂದು ಕಾಕಾ ಮದುವೆಯ ಹೊಸದರಲ್ಲೇ ಮಾತು ಕೊಟ್ಟಿದ್ದರಂತೆ. ಪ್ರತಿ ವರ್ಷ ತೋಟದ ಕೆಲಸವೊಂದು ಅಡ್ಡ ಬಂದು ಅದು ಮುಂದೆ ಹೋಗುತ್ತಿತ್ತು. ಒಂದು ವರ್ಷ ದ್ರಾಕ್ಷಿಗೆ ಒಳ್ಳೆಯ ರೇಟು ಸಿಕ್ಕಿತು. ಅದೇ ಹೊತ್ತಿಗೆ ಕಾಕಾ ಫೋನಿನಲ್ಲಿ ಮೆಕ್ಸಿಕೋದ ಮೆರಿಡಾ ಎಂಬ ಊರಿನ ವಿಡಿಯೋ ನೋಡಿದರು. ಅಲ್ಲಿ ಹೆಂಗಸರು ರೊಟ್ಟಿ ಬಡಿಯುತ್ತಿದ್ದರು, ಪಕ್ಕದಲ್ಲಿ ಮೆಣಸಿನಕಾಯಿ ರಾಶಿ, ತಿನ್ನುವ ಎಲ್ಲದರ ಮೇಲೂ ಲಿಂಬೆಹಣ್ಣು ಹಿಂಡುತ್ತಿದ್ದರು.

"ಇದು ನಮ್ಮ ಕಡೀ ಊರ ಐತಿ," ಎಂದರು ಕಾಕಾ. "ಅಲ್ಲಿಂದ ಸಮುದ್ರಕ್ಕ ಹೋಗೂದಂದ್ರ ಇಲ್ಲಿಂದ ಬಬಲೇಶ್ವರಕ್ಕ ಹೋದಂಗ. ಚಾ ಕುಡದು ಹೊಂಟ್ರ ಊಟಕ್ಕ ವಾಪಸ್."

"ಸಮುದ್ರ ಗೋವಾದಾಗೂ ಐತಲ್ರಿ," ಎಂದರು ಕಾಕು.

"ಗೋವಾಕ್ಕ ಎಲ್ಲಾರೂ ಹೋಗಿ ಬಂದಾರ."

ಮೊದಲು ಹೊರಟಿದ್ದವರು ನಾಲ್ವರೇ, ಗಂಡ ಹೆಂಡತಿ ಮತ್ತು ಮಗಳು ಅಳಿಯ. ಮಗಳನ್ನು ಕೊಟ್ಟ ಕಳ್ಳಕವಟಗಿಯ ಬೀಗರು ಮಾತಾಡಿಸಲು ಬಂದರು. ಬೀಗರಿಗೆ ಬರ್ರಿ ಅನ್ನದೆ ಹೋಗಲಾದೀತೇ? "ನೀವೂ ಬರ್ರಲಾ" ಎಂದರು ಕಾಕಾ. ಬೀಗರು ಹೂಂ ಎಂದುಬಿಟ್ಟರು. ಆಮೇಲೆ ಮಮದಾಪುರದ ಅಕ್ಕ, ಅಕ್ಕನ ಜೊತೆ ಬಂದ ನೆಗೆಣ್ಣಿ, ಬೋರಿನ ಮೋಟರು ರಿಪೇರಿ ಮಾಡುವವನು, ನಮ್ಮ ಮನೆಯವರೆಲ್ಲ... ಟಿಕೆಟ್ಟಿನ ವಿಚಾರಕ್ಕೆ ಬಂದ ಟೂರ್ ಏಜೆಂಟನಿಗೂ ಚಹಾ ಕೊಟ್ಟು, "ನೀವೂ ಬರ್ರಲಾ, ಮನಿಯವ್ರನ್ನೂ ಕರ್ಕೊಂಡು" ಎಂದರು.

"ನಾ ಕಳಸಾಂವ್ರಿ ಕಾಕಾ, ಹೋಗಾಂವ ಅಲ್ಲ," ಎಂದು ಅವನು ಬೆವರು ಒರೆಸಿಕೊಂಡ. "ಮೊದ್ಲ ಎಷ್ಟ ಮಂದಿ ಅಂತ ಪಕ್ಕಾ ಮಾಡ್ರಿ."

ಪಕ್ಕಾ ಆಗಲೇ ಇಲ್ಲ. ಕಾಕುಗೆ ಸಿಟ್ಟು ನೆತ್ತಿಗೇರಿತು.

"ನೀವು ಹಿಂಗ ಕರಕೋತ ಕುಂತ್ರ ನಾ ಸಮುದ್ರ ನೋಡಿದಂಗ."

"ಬರ್ರಿ ಅಂದ ಮ್ಯಾಲ ಬ್ಯಾಡ ಅನ್ನಾಕ ಬರತೈತೇನು?" ಎಂದರು ಕಾಕಾ.

ಆ ಸಿಟ್ಟು ಇಳಿಸಲೆಂದೇ ಇರಬೇಕು, ಹೆಂಡತಿಗೆ ತೇಲುವುದನ್ನು ಕಲಿಸಲು ಹೊರಟರು. ತೋಟದ ಕೃಷಿ ಹೊಂಡಕ್ಕೆ ಈ ಟ್ಯೂಬನ್ನು ಇಳಿಸಿದರು. ನಾನೂ ಅಂದು ಅಲ್ಲಿದ್ದೆ, ಕರೆದಿದ್ದರಲ್ಲ. ಇಳಕಲ್ ಸೀರೆಯ ಕಚ್ಚೆ ಬಿಗಿದ ಕಾಕು ಟ್ಯೂಬಿನ ನಡುವೆ ಸಿಕ್ಕಿಕೊಂಡು, ಕುಂಕುಮ ನೆನೆಯದಂತೆ ಗೋಣು ಎತ್ತಿ, ದಂಡೆಯಲ್ಲಿ ಹಗ್ಗ ಹಿಡಿದು ನಿಂತ ಗಂಡನನ್ನು ಬಾಯಿಗೆ ಬಂದಂತೆ ಬೈಯುತ್ತ ತೇಲಿದರು. "ಕಾಲ ಬಡಿ, ಕಾಲ ಬಡಿ, ಮೆಕ್ಸಿಕೋ ಬಂತು" ಎನ್ನುತ್ತಿದ್ದರು ಕಾಕಾ. ಅಷ್ಟರಲ್ಲಿ ಕುರಿ ಕಾಯುವ ಇಬ್ಬರು ಈ ಚಂದ ನೋಡುತ್ತ ನಿಂತರು. ಕಾಕಾ ಅವರತ್ತ ತಿರುಗಿದ್ದನ್ನು ಕಂಡು ಕಾಕು ನೀರಿನಿಂದಲೇ ಕೂಗಿದರು, "ಅವರನ್ನ ಕರದ್ರ ನೋಡ್ರಿ ಮತ್ತ."

ಕಾಕಾ ಕರೆದೇಬಿಟ್ಟರು.

ಒಣದ್ರಾಕ್ಷಿ ಕೆಲಸ ಮುಗಿಯಲಿ, ಆಮೇಲೆ ಹೋಗೋಣ ಎಂದಾಯಿತು. ಅದು ಮುಗಿಯುವ ಮೊದಲೇ ಒಂದು ಬೆಳಿಗ್ಗೆ ತೋಟಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದ ಕಾಕಾ ಅಲ್ಲೇ ಎದೆ ಹಿಡಿದುಕೊಂಡು ಕುಸಿದರು. ಮತ್ತೆ ಏಳಲಿಲ್ಲ. ಮೆಕ್ಸಿಕೋಕ್ಕೆ ಹೊರಟವರೆಲ್ಲ ಅಂದು ಅವರ ಅಂಗಳದಲ್ಲಿ ಕೂಡಿದ್ದರು, ಏಜೆಂಟನೂ, ಕುರಿಯವರೂ. ಕಾಕು ನನ್ನ ಕೈ ಹಿಡಿದುಕೊಂಡು ಹೇಳಿದರು, "ಊರ ಮಂದಿಗೆಲ್ಲಾ ಬರ್ರಿ ಅಂದಾವ್ರು, ತಾವ ಹೋಗೂವಾಗ ನನಗ ಒಂದ ಮಾತ ಬಾ ಅನ್ನಲಿಲ್ಲ ನೋಡವಾ..."



ಮೊನ್ನೆ ಪಂಪು ಒತ್ತುತ್ತ, ಈ ಟ್ಯೂಬು ಈಗ್ಯಾಕೆ ಎಂದು ಕೇಳಿದೆ. ಕಾಕು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಮಗಳ ಜೋಡಿ ಗೋವಾಕ್ಕ ಹೊಂಟೀನಿ. ನಾವಿಬ್ಬರ. ಯಾರ ಮುಂದೂ ಹೇಳಬ್ಯಾಡ, ಎಲ್ಲಾರೂ ಗಂಟ ಬೀಳತಾರ."

ಹೇಳುವುದಿಲ್ಲ ಎಂದೆ. ಟ್ಯೂಬಿನಲ್ಲಿ ಗಾಳಿ ನಿಂತಿತು, ತೂತು ಇರಲಿಲ್ಲ. ಕಾಕು ಟ್ಯೂಬನ್ನು ಹೊತ್ತುಕೊಂಡು ಗೇಟಿನ ತನಕ ಹೋಗಿ ತಿರುಗಿ ನೋಡಿದರು. ನನ್ನ ಅತ್ತೆ, ಮಕ್ಕಳು ಬಾಗಿಲಿಗೆ ಬಂದು ನಿಂತಿದ್ದರು.

"ನೀವೂ ಬರ್ರಲಾ," ಎಂದರು ಕಾಕು, ಥೇಟ್ ಕಾಕಾರ ಧಾಟಿಯಲ್ಲಿ.

ಅಂದವರೇ ನಾಲಿಗೆ ಕಚ್ಚಿಕೊಂಡರು. ಆಮೇಲೆ ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಬರ್ತೀವ್ರಿ ಕಾಕು," ಎಂದೆ.

ಬರುವ ತಿಂಗಳು ಹೊರಡುತ್ತೇವೆ. ಎಷ್ಟು ಮಂದಿ ಎಂದು ಇನ್ನೂ ಪಕ್ಕಾ ಆಗಿಲ್ಲ.