ನೆರಳಿಲ್ಲದ ಆನೆ

ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ, ಕೆಲಸದವರ ಮಸ್ಟರ್ ಹಾಜರಿ ಕರೆಯುವ ಹೊತ್ತಿಗೆ, ನಮ್ಮ ರೈಟರ ಬಲಗೈ ತೋರುಬೆರಳಿನ ತುದಿಯಲ್ಲಿ ಒಣಗಿದ ಅಂಟಿನ ಸಿಪ್ಪೆ ಇತ್ತು. ಅರ್ಧ ಎದ್ದು, ಇನ್ನರ್ಧ ಚರ್ಮಕ್ಕೆ ಕಚ್ಚಿಕೊಂಡು, ಹಾವಿನ ಪೊರೆಯ ಹಾಗೆ. ಆ ದಿನ ನಾನದನ್ನು ನೋಡಲಿಲ್ಲ. ಆದರೂ ಇತ್ತು ಎಂದು ಹೇಳಬಲ್ಲೆ, ಅವರ ಬೆರಳಲ್ಲಿ ಅಂಟು ಇಲ್ಲದ ದಿನವನ್ನೇ ನಾನು ಕಂಡಿರಲಿಲ್ಲ. ಅದೇ ನಿಮಿಷಕ್ಕೆ, ಹಿಂದಿನ ಸಂಜೆಯಿಂದ ನೆಟ್‌ವರ್ಕಿಗಾಗಿ ಕಾಯುತ್ತ ಅವರ ಫೋನಿನಲ್ಲಿ ಕೂತಿದ್ದ ಒಂದು ಚಿತ್ರ, ಮಸ್ಟರಿನ ಎತ್ತರದ ಜಾಗಕ್ಕೆ ಬಂದು ಸಿಗ್ನಲ್ ಸಿಕ್ಕಿದ ಕೂಡಲೇ ತನ್ನಷ್ಟಕ್ಕೆ ಹೊರಟುಹೋಯಿತು. ಫೋನು ಷರಟಿನ ಜೇಬಿನಲ್ಲಿತ್ತು. ಅವರಿಗೆ ಗೊತ್ತಾಗಲಿಲ್ಲ. ಹೆಸರು ಕರೆದು ಮುಗಿಸಿ, ಕಾಫಿ ಹಣ್ಣು ಕೊಯ್ಯುವವರ ಜೊತೆ ಸಿಗ್ನಲ್ ಇಲ್ಲದ ಕೆಳಗಿನ ತೋಟಕ್ಕೆ ಇಳಿದರು.

ಎಸ್ಟೇಟಿನಲ್ಲಿ ರೈಟರ್ ಎಂದರೆ ಕೆಲಸದವರ ಹಾಜರಿ, ಸಂಬಳ, ಗೊಬ್ಬರದ ಲೆಕ್ಕ ನೋಡುವವರು. ನಮ್ಮ ಎಸ್ಟೇಟು ಕೊಟ್ಟಿಗೆಹಾರದಿಂದ ದೇವರಮನೆ ಕಡೆ ಹೋಗುವ ದಾರಿಯ ಒಳಗಿದೆ. ಅಲ್ಲಿನ ಶಿಶುವಿಹಾರವನ್ನು ನನ್ನ ಅಮ್ಮ ನೋಡಿಕೊಳ್ಳುತ್ತಾರೆ. ಹಾಗಾಗಿ ನಮಗೂ ಒಂದು ಕ್ವಾರ್ಟರ್ಸ್. ರೈಟರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನು ಡಿಗ್ರಿ ಮುಗಿಸಿ ಮೂಡಿಗೆರೆಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ. ರೈಟರ ಹೆಂಡತಿ ಗಲ್ಫಿನಲ್ಲಿ ನರ್ಸ್. ಮನೆಯಲ್ಲಿ ಅವರು ಮತ್ತು ಎರಡನೇ ಕ್ಲಾಸಿನ ಮಗಳು, ಇಬ್ಬರೇ.

ಮಗಳ ಶಾಲೆಯಲ್ಲಿ ವಾರಕ್ಕೊಂದು 'ಪ್ರಾಜೆಕ್ಟ್' ಕೊಡುತ್ತಿದ್ದರು. ಬೇರೆಯವರೆಲ್ಲ ಪೇಟೆಯಿಂದ ಥರ್ಮಾಕೋಲ್ ತಂದು ಹೇಗೋ ಮುಗಿಸಿದರೆ, ಇವರು ತೋಟಕ್ಕೆ ಹೋಗುತ್ತಿದ್ದರು. ಸಿಲ್ವರ್ ಓಕ್ ಎಲೆಗಳನ್ನು ಮಗುಚಿ ಅಂಟಿಸಿದರೆ ಅವುಗಳ ಬಿಳಿಬೆನ್ನು ಮೀನಿನ ಹುರುಪೆಯಾಗುತ್ತಿತ್ತು. ಕಾಫಿ ಹೊಟ್ಟು ಕುರಿಯ ಉಣ್ಣೆಯಾಗುತ್ತಿತ್ತು. ಮೆಣಸು ಬಿಡಿಸಿ ಎಸೆದ ಕಡ್ಡಿಗಳಲ್ಲಿ ಒಂದು ಹಕ್ಕಿಗೂಡು ಕಟ್ಟಿದ್ದರು. ನಮ್ಮ ಅಮ್ಮ ಅದನ್ನು ನಿಜವಾದ ಗೂಡೆಂದು ತಿಳಿದು ಅಕ್ಕಿಕಾಳು ಹಾಕಿಟ್ಟಿದ್ದರು. "ರೈಟ್ರೇ, ಪ್ರಾಜೆಕ್ಟ್ ಮಗಳಿಗೆ ಕೊಟ್ಟಿದ್ದಾ ನಿಮಗೆ ಕೊಟ್ಟಿದ್ದಾ?" ಎಂದು ನಾನು ಕೇಳಿದರೆ, "ಅವಳು ಮ್ಯಾನೇಜರು ಟೀಚರೇ, ನಾನು ಬರೀ ಆಳು. ಅಂಟು ಜಾಸ್ತಿ ಆದ್ರೆ ಬೈತಾಳೆ" ಎನ್ನುತ್ತಿದ್ದರು.

ಫೋಟೋ ತಿದ್ದುವುದನ್ನು ಕಲಿಸಿದವಳು ನಾನು. ಒಂದು ದೀಪಾವಳಿಗೆ ಅವರು ಸಂಕೋಚದಿಂದ ಬಂದು, "ಮಗಳು ಹಣತೆ ಹಚ್ಚೋ ಫೋಟೋದಲ್ಲಿ ಅವಳ ಅಮ್ಮನ್ನೂ ನಿಲ್ಸೋಕಾಗ್ತದಾ?" ಎಂದು ಕೇಳಿದರು. ಹೆಂಡತಿಯ ಹಳೆಯ ಫೋಟೋವೊಂದರಿಂದ ಆಕೆಯನ್ನು ಕತ್ತರಿಸಿ ಮಗುವಿನ ಪಕ್ಕ ನಿಲ್ಲಿಸಿಕೊಟ್ಟೆ. ಚೆನ್ನಾಗಿದೆ ಎಂದು ನನಗನ್ನಿಸಿತು. ಅವರು ಬಹಳ ಹೊತ್ತು ನೋಡಿದರು.

"ಇಲ್ಲ ಟೀಚರೇ, ಹಾರ್ತಾ ಇದಾಳೆ."

ನೋಡಿದೆ. ಹೌದು, ಕಾಲಡಿಯಲ್ಲಿ ನೆರಳಿರಲಿಲ್ಲ. ನೆರಳು ಹಾಕುವುದನ್ನು ಇಬ್ಬರೂ ಕೂತು ಕಲಿತೆವು. ಹಣತೆ ಎಡಕ್ಕಿದ್ದರೆ ನೆರಳು ಬಲಕ್ಕೆ, ಪಾದದ ಹತ್ತಿರ ಗಾಢ, ದೂರ ಹೋದಂತೆ ತೆಳು. ಆಮೇಲೆ ಅವರು ನನ್ನನ್ನು ಕೇಳುವುದನ್ನು ಬಿಟ್ಟರು. ಯುಗಾದಿ, ಗಣೇಶನ ಹಬ್ಬ, ಶಾಲೆಯ ವಾರ್ಷಿಕೋತ್ಸವ, ಎಲ್ಲ ಚಿತ್ರಗಳಲ್ಲೂ ಆ ತಾಯಿ ಇರುತ್ತಿದ್ದಳು, ನೆರಳಿನ ಸಮೇತ. ಚಿತ್ರ ಗಲ್ಫಿಗೆ ಹೋಗುತ್ತಿತ್ತು, ಅಲ್ಲಿಂದ ಅಳುವ ಮುಖದ ಗುರುತು ಬರುತ್ತಿತ್ತು. "ನೆರಳು ಬಿದ್ರೆ ಮಾತ್ರ ಜನ ನೆಲಕ್ಕೆ ಇಳೀತಾರೆ" ಎನ್ನುವುದು ಅವರ ಮಾತು. ತೊಂದರೆ ಒಂದೇ: ಬೆರಳಿನ ಅಂಟಿನಿಂದಾಗಿ ಫೋನಿಗೆ ಅವರ ಸ್ಪರ್ಶ ಗೊತ್ತಾಗುತ್ತಿರಲಿಲ್ಲ. ಒತ್ತುವರು, ಏನೂ ಆಗದು, ಮತ್ತೆ ಒತ್ತುವರು, ಇನ್ನೆಲ್ಲೋ ತೆರೆದುಕೊಳ್ಳುವುದು. "ಕೈ ತೊಳ್ಕೊಳ್ಳಿ ಮಾರಾಯ್ರೇ" ಎಂದು ನಾನು ನಗುತ್ತಿದ್ದೆ.

ನಮ್ಮ ಕಡೆ ಪ್ರತಿ ದಾರಿಗೂ ಫೋನಿನಲ್ಲಿ ಒಂದು ಆನೆ ಗ್ರೂಪ್ ಇದೆ. ಬೆಳಿಗ್ಗೆ ಆನೆ ಕಂಡವರು ಅದರಲ್ಲಿ ಹಾಕುತ್ತಾರೆ: ಎಲ್ಲಿದೆ, ಒಂಟಿಯೋ ಹಿಂಡೋ, ಯಾವ ಕಡೆ ತಿರುಗಿದೆ. ಅದನ್ನು ನೋಡದೆ ಯಾರೂ ಜೀಪು ಹತ್ತುವುದಿಲ್ಲ, ಮಕ್ಕಳನ್ನು ಶಾಲೆಗೆ ಕಳಿಸುವುದಿಲ್ಲ. ನಮ್ಮ ಗ್ರೂಪಿನಲ್ಲಿ ರೈಟರ ಮಾತೇ ಕೊನೆಯ ಮಾತು. ಅವಸರವಿದ್ದರೆ ಬರೀ ಫೋಟೋ ಹಾಕುವರು, ವಿವರ ಆಮೇಲೆ ಬರೆಯುವರು. ಸುಳ್ಳು ಸುದ್ದಿ ಹಾಕಿದವರನ್ನು ಅಲ್ಲೇ ಝಾಡಿಸುವವರೂ ಅವರೇ.

ಮಗಳ ಹುಟ್ಟುಹಬ್ಬ ಹತ್ತಿರ ಬಂದಿತ್ತು. "ಎಲ್ರ ಮನೆ ಹತ್ರನೂ ಆನೆ ಬರ್ತದೆ, ನಮ್ಮನೆಗೆ ಮಾತ್ರ ಬರಲ್ಲ" ಎಂದು ಅವಳ ಹಟ. ರೈಟರು ಗೋಣಿಚೀಲದಿಂದ ಆನೆಯ ತಲೆಯೊಂದನ್ನು ಮಾಡಿ ಬಾಗಿಲಿಗೆ ಕಟ್ಟಲು ಸಿದ್ಧಮಾಡಿದ್ದರು. ಅದರ ಜೊತೆಗೆ ಒಂದು ಬ್ಯಾನರು: ಎಸ್ಟೇಟಿನ ಗೇಟಿನ ಬಳಿ ಆನೆ, ಅದರ ಸೊಂಡಿಲು ಹಿಡಿದು ನಿಂತ ಮಗಳು. ಆನೆಯ ಫೋಟೋ ಕೊಟ್ಟದ್ದು ನಾನೇ. ಶಾಲೆಯ ಮಕ್ಕಳನ್ನು ಆನೆ ಬಿಡಾರಕ್ಕೆ ಕರೆದುಕೊಂಡು ಹೋದಾಗ ತೆಗೆದದ್ದು. ಅವರು ಅದರ ಕಾಲಿನ ಸರಪಳಿ ಅಳಿಸಿದರು, ಗೇಟಿನ ಹತ್ತಿರದ ಕೆಸರಿನ ಬಣ್ಣವನ್ನು ಪಾದಗಳಿಗೆ ಬಳಿದರು, ಬೆಳಗಿನ ಮಂಜು ಹಾಕಿದರು, ನೆರಳು ಹಾಕಿದರು. ಮಗಳನ್ನು ಸೇರಿಸುವ ಮೊದಲು, ಇಷ್ಟು ದೊಡ್ಡದು ಸಾಕೇ ಎಂದು ಕೇಳಲು ಕೊಟ್ಟಿಗೆಹಾರದ ಸ್ಟುಡಿಯೋದವರಿಗೆ ಕಳಿಸಿದರು. ಹಾಗೆಂದುಕೊಂಡರು. ಅಂಟಿನ ಬೆರಳು ಎರಡನೇ ಸಲ ಒತ್ತಿದಾಗ ತೆರೆದುಕೊಂಡಿದ್ದು ಸ್ಟುಡಿಯೋದ ಹೆಸರಿನ ಮೇಲಿದ್ದ ಆನೆ ಗ್ರೂಪ್.

ಮರುದಿನ ಬೆಳಿಗ್ಗೆ ಜೀಪಿನಲ್ಲಿ ನಾವು ಮೂವರು. ಓಡಿಸುವವರು ಕಾಕ, ಮೂವತ್ತು ವರ್ಷದಿಂದ ಈ ದಾರಿಯಲ್ಲಿ ಅವರದೇ ಜೀಪು. ಮುಂದೆ ನಾನು. ಹಿಂದೆ, ಕೊಟ್ಟಿಗೆಹಾರದ ಅಂಗಡಿಗೆ ಹೊರಟಿದ್ದ ಗಿರಿಜಕ್ಕ. ಕಾಫಿ ಒಣಗಿಸುವ ಕಣದಲ್ಲಿ ಅವರ ಕೆಲಸ. ಎಸ್ಟೇಟಿನಿಂದ ಹೊರಗೆ ಹೋಗಲು ಎರಡು ದಾರಿ, ಮೇಲಿನ ಗೇಟು ಇಲ್ಲವೇ ಕೆಳಗಿನ ಹಳ್ಳದ ದಾರಿ. ದಾರಿ ಕವಲೊಡೆಯುವಲ್ಲಿ ನನ್ನ ಫೋನು ಸದ್ದು ಮಾಡಿತು.

"ಕಾಕ, ಗೇಟ್ ಹತ್ರ ಒಂಟಿ ಆನೆ. ರೈಟ್ರು ಹಾಕಿದಾರೆ."

ಕಾಕ ಕನ್ನಡಕ ಏರಿಸಿ ಚಿತ್ರ ನೋಡಿದರು. "ಅಬ್ಬ, ಎಂಥಾ ಆನೆ ಮಾರಾಯ್ತಿ! ರೈಟ್ರಿಗೊಂದು ಫೋನ್ ಮಾಡಿ ನೋಡು."

ಮಾಡಿದೆ. ಸಿಗಲಿಲ್ಲ. ಚಿತ್ರವನ್ನು ಇನ್ನೊಮ್ಮೆ ನೋಡಿದೆ. ನಾನೇ ತೆಗೆದ ಆನೆ, ಅದರ ಹರಿದ ಕಿವಿಯ ಅಂಚು ಸಹ ಹಾಗೇ ಇತ್ತು. ಗುರುತು ಸಿಗಲಿಲ್ಲ. ನೆರಳು ನೋಡಿದೆ, ನಂಬಿದೆ. "ಹಳ್ಳದ ದಾರೀಲೇ ಹೋಗೋಣ" ಎಂದೆ.

ಹಳ್ಳದ ತಿರುವಿನಲ್ಲಿ ಮೊದಲು ವಾಸನೆ ಬಂತು. ಹಸಿಹುಲ್ಲು ಹುಳಿಯಾದಂಥ ವಾಸನೆ. ಆಮೇಲೆ ಬೈನೆಮರ ಸೀಳುವ ಸದ್ದು. ಆಮೇಲೆ ದಾರಿಯ ತುಂಬ ಅದು. ಕಾಕ ರಿವರ್ಸ್ ಹಾಕಿದರು. ಜೀಪು ಕಲ್ಲು ಹತ್ತಿ ಎಗರಿದ ರಭಸಕ್ಕೆ ಹಿಂದಿನ ಬಾಗಿಲು ತೆರೆದು ಗಿರಿಜಕ್ಕ ಚರಂಡಿಗೆ ಬಿದ್ದರು. ಅಲ್ಲಿಂದ ಇನ್ನಷ್ಟು ಹಿಂದೆ ಹೋಗಿ ಚಕ್ರ ಕೆಸರಿನಲ್ಲಿ ಹೂತು ಜೀಪು ನಿಂತಿತು. ಆನೆ ನಮ್ಮ ಕಡೆ ಬರುತ್ತಿದ್ದುದು, ಚರಂಡಿಯ ಬಳಿ ನಿಂತಿತು. ಗಿರಿಜಕ್ಕ ಸೆರಗನ್ನು ತಲೆಯ ಮೇಲೆಳೆದುಕೊಂಡು ಅಲುಗಾಡದೆ ಮಲಗಿದ್ದರು. ಸೊಂಡಿಲು ಇಳಿದು ಆ ಸೆರಗನ್ನು ಮೂಸಿತು. ಸೀರೆ ಉಸಿರಿಗೆ ಉಬ್ಬಿ ಇಳಿಯಿತು. ಕಾಕ ಏನೋ ಪಠಿಸುತ್ತಿದ್ದರು. ಆ ಸೀರೆ ಉಬ್ಬಿದ್ದನ್ನು ನಾನು ಇವತ್ತಿಗೂ ನೋಡುತ್ತೇನೆ: ಬೋರ್ಡಿಗೆ ಬೆನ್ನು ಹಾಕಿ ನಿಂತಾಗ, ಅನ್ನ ಬಡಿಸಿಕೊಳ್ಳುವಾಗ. ಆನೆ ಹಿಂದಕ್ಕೆ ಸರಿದು, ಬೇಜಾರು ಬಂದಂತೆ, ಹಳ್ಳಕ್ಕೆ ಇಳಿದುಹೋಯಿತು.

ಗಿರಿಜಕ್ಕನ ಕಾಲಿನ ಮೂಳೆ ಎರಡು ಕಡೆ ಮುರಿದಿತ್ತು.

ಸಂಜೆ ಎಲ್ಲರೂ ಕಣದಲ್ಲಿ ಸೇರಿದರು. ಅಷ್ಟರಲ್ಲಿ ವಿಷಯ ಬಯಲಾಗಿತ್ತು. ಮಧ್ಯಾಹ್ನ ಸಿಗ್ನಲ್ಲಿಗೆ ಬಂದು ಫೋನು ನೋಡಿದ ರೈಟರೇ ಓಡೋಡಿ ಬಂದು ಎಲ್ಲರಿಗೂ ಹೇಳಿದ್ದರು. ಒಣಗಲು ಹರಡಿದ ಕಾಫಿಯ ಅಂಚಿನಲ್ಲಿ, ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಅವರು ನಿಂತಿದ್ದರು.

"ಏನ್ ರೈಟ್ರೇ, ಮನೇಲಿ ಆನೆ ಸಾಕಿದ್ದೀರಂತೆ?" ಎಂದನೊಬ್ಬ.

"ನಾಳೆ ಹುಲಿ ಬಿಡ್ತೀರಾ, ಹೇಳ್ಬಿಡಿ. ನಾವು ಊರು ಬಿಡ್ತೀವಿ."

"ಗಂಡಸಾದವ್ನು ಗೋಣಿ ಹೊಲ್ಕೊಂಡು, ಫೋಟೋ ಅಂಟಿಸ್ಕೊಂಡು ಕೂತ್ರೆ ಇನ್ನೇನಾಗ್ತದೆ!"

ನಾನು ಎದ್ದು ಹೇಳಿದೆ: ಆ ಆನೆಯ ಫೋಟೋ ನನ್ನದು, ತಿದ್ದಲು ಕಲಿಸಿದ್ದು ನಾನು, ಹಳ್ಳದ ದಾರಿ ಹಿಡಿಯಲು ಹೇಳಿದ್ದೂ ನಾನು. ಕೆಲಸದವರ ಮೇಸ್ತ್ರಿ ಮೃದುವಾಗಿ, "ನೀವ್ ಕೂತ್ಕೊಳ್ಳಿ ಟೀಚರೇ. ನೀವು ಓದಿದವ್ರು, ನಿಮ್ದೇನು ತಪ್ಪಿದೆ ಇದ್ರಲ್ಲಿ? ಪಾಪ, ಹೆದ್ರಿದೀರಿ" ಎಂದ. ಯಾರೋ ನೀರು ತಂದುಕೊಟ್ಟರು. ನಾನು ಕೂತೆ. ಎಲ್ಲರೂ ಮತ್ತೆ ಅವರ ಕಡೆ ತಿರುಗಿದರು. ಒಂದೇ ತಪ್ಪಿನಲ್ಲಿ ನನಗೆ ನೀರು, ಅವರಿಗೆ ಬೈಗುಳ. ಆ ಲೋಟ ಹಿಡಿದುಕೊಂಡು ಕೂತಿದ್ದ ನನ್ನ ಕೈಯನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಮಾಲೀಕರು ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ರೈಟರು ಗ್ರೂಪಿನಿಂದ ತಾವೇ ಹೊರಬಂದರು. ಹುಟ್ಟುಹಬ್ಬ ನಡೆಯಲಿಲ್ಲ. ಗೋಣಿಯ ಆನೆ ಅಟ್ಟ ಸೇರಿತು. ಮುಂದಿನ ವಾರದ ಪ್ರಾಜೆಕ್ಟಿಗೆ ಮಗಳು ಪೇಟೆಯ ಥರ್ಮಾಕೋಲ್ ಒಯ್ದಳು. ಶಾಲೆಯಲ್ಲಿ ಅವಳಿಗೆ 'ಸುಳ್ಳಾನೆ' ಎಂದು ಹೆಸರಿಟ್ಟರು. "ಅಪ್ಪ ಇನ್ನು ಏನೂ ಮಾಡಲ್ಲಂತೆ ಟೀಚರ್. ಅಂಟಿನ ಡಬ್ಬಿ ಎಸೆದುಬಿಟ್ರು" ಎಂದು ಒಂದು ದಿನ ನನ್ನ ಬಳಿ ಬಂದು ಹೇಳಿದಳು. ಅಪ್ಪನ ಕೈ ಈಗ ಬೇರೆಯವರ ಅಪ್ಪಂದಿರ ಕೈಯ ಹಾಗೇ ಇದೆ ಎಂದಳು. ಅವಳಿಗೆ ಅದು ದುಃಖದ ಸಂಗತಿಯಾಗಿತ್ತು.

ಆಮೇಲೆ ರೈಟರು ಒಂದು ರೂಢಿ ಹಿಡಿದರು. ಮಸ್ಟರಿಗೆ ಮೊದಲು ಗೇಟಿನ ದಾರಿ, ಹಳ್ಳದ ದಾರಿ ಎರಡನ್ನೂ ಒಬ್ಬರೇ ನಡೆದು ನೋಡಿ ಬರುವುದು. ಲದ್ದಿ ಬಿಸಿಯಿದೆಯೇ, ಸೊಪ್ಪು ಮುರಿದಿದೆಯೇ ಎಂದು ನೋಡಿ, ಕೆಲಸದವರ ಮನೆಗಳಿರುವ ಲೈನಿನ ಎದುರು ನಿಂತು ಬಾಯಲ್ಲೇ ಕೂಗಿ ಹೇಳುವುದು. "ಒಬ್ರೇ ಹೋಗ್ಬೇಡಿ ರೈಟ್ರೇ" ಎಂದು ಕಾಕ ಬೈದರು. "ಕಣ್ಣಲ್ಲಿ ನೋಡಿದ್ದು ಮಾತ್ರ ಇನ್ನು ಹೇಳೋದು ಕಾಕ" ಎಂದರು. ಪ್ರತಿ ಭಾನುವಾರ ಗಿರಿಜಕ್ಕನ ಮನೆಗೆ ಹೋಗಿ ಸೌದೆ ಒಡೆದುಕೊಟ್ಟು, ಒಳಗೆ ಕಾಲಿಡದೆ ಬರುತ್ತಿದ್ದರು. ನಮ್ಮ ಮನೆಯ ಗೋಡೆಯಾಚೆ ಅವರು ನಿದ್ದೆಯಿಲ್ಲದೆ ಓಡಾಡುವುದು ನನಗೆ ಕೇಳುತ್ತಿತ್ತು. ಕೇಳಲು ನಾನೂ ಎಚ್ಚರವಿರುತ್ತಿದ್ದೆನಲ್ಲ. ಒಮ್ಮೆ ಮಾತ್ರ ಅವರು ನನ್ನೆದುರು ಅದನ್ನು ಎತ್ತಿದರು: "ನಿಮ್ಮನ್ನ ಹೆದರಿಸಿಬಿಟ್ಟೆ ಟೀಚರೇ. ತಪ್ಪಾಯ್ತು." ನನಗಿಂತ ಇಪ್ಪತ್ತು ವರ್ಷ ಹಿರಿಯರು.

ಕಾಫಿ ಹೂ ಬಿಡುವ ಹೊತ್ತಿಗೆ ಗಿರಿಜಕ್ಕನ ಪ್ಲಾಸ್ಟರ್ ಬಿಚ್ಚಿದರು. ಕೋಲೂರಿಕೊಂಡು ಅವರು ಮೊದಲು ಬಂದದ್ದು ರೈಟರ ಮನೆಗೆ. ನಾನೂ ನಮ್ಮ ಜಗುಲಿಯಲ್ಲಿದ್ದೆ.

"ರೈಟ್ರೇ, ಒಂದು ಕೆಲಸ ಆಗ್ಬೇಕು."

"ಹೇಳಿ ಗಿರಿಜಕ್ಕ, ಸೌದೆ ತರ್ಲಾ?"

"ಸೌದೆ ಸುಡ್ಲಿ. ನಿಮ್ಮ ಆ ಆನೆ ಇದ್ಯಲ್ಲ, ಅದ್ರ ಮೇಲೆ ನನ್ನ ಕೂರ್ಸಿ."

"ಬೇಡಿ ಅಕ್ಕ. ಅದನ್ನೆಲ್ಲ ಬಿಟ್ಟಿದೀನಿ."

"ಬಿಡೋಕೆ ನೀವ್ಯಾರು? ಕಾಲು ಮುರ್ಕೊಂಡೋಳು ನಾನು. ಆನೆ ನನ್ನ ಮೂಸಿ, ಬೇಡ ಅಂತ ಬಿಟ್ಟು ಹೋಗಿದೆ. ಒಂದ್ಸಲ ನಾನೂ ಅದ್ರ ತಲೆ ಮೇಲೆ ಕೂತು ನೋಡ್ಬೇಡ್ವಾ? ಅವತ್ತಿನ ಹಸಿರು ಸೀರೆ ಉಟ್ಕೊಂಡೇ ಬಂದಿದೀನಿ. ತೆಗೀರಿ ಫೋಟೋ."

ಮಗಳು ಒಳಗಿನಿಂದ ಓಡಿಬಂದು ಅಪ್ಪನ ಕೈಗೆ ಫೋನು ತುರುಕಿದಳು. ಗಿರಿಜಕ್ಕ ಜಗುಲಿಯ ಕಟ್ಟೆಯ ಮೇಲೆ ಕೋಲನ್ನೇ ಅಂಕುಶದಂತೆ ಹಿಡಿದು, ಹುಬ್ಬು ಗಂಟಿಕ್ಕಿ ಕೂತರು. ರೈಟರು ತೆಗೆದ ಮೊದಲ ಎರಡು ಫೋಟೋ ಕೆಟ್ಟವು. ಸಂಜೆಯವರೆಗೆ ಅವರು ತಲೆಯೆತ್ತದೆ ಕೂತು ಕೆಲಸ ಮಾಡಿದರು. ಮಗಳು ಪಕ್ಕದಲ್ಲಿ ಕೂತು ಹುಕುಂ ಕೊಡುತ್ತಿದ್ದಳು. ಮುಗಿದ ಮೇಲೆ ನಮಗೆಲ್ಲ ತೋರಿಸಿದರು. ಸರಪಳಿ ಮತ್ತೆ ಕಾಲಿಗೆ ಬಂದಿತ್ತು. ಗಿರಿಜಕ್ಕ ರಾಣಿಯಂತೆ ಕೂತಿದ್ದರು. ಆದರೆ ಆನೆ ನೆಲದಿಂದ ಒಂದು ಗೇಣು ಮೇಲೆ ತೇಲುತ್ತಿತ್ತು.

"ರೈಟ್ರೇ, ನೆರಳು ಹಾಕಿಲ್ಲ" ಎಂದೆ.

"ಇನ್ನು ಹಾಕಲ್ಲ ಟೀಚರೇ. ಸುಳ್ಳು ಅಂತ ಮಗೂಗೂ ಗೊತ್ತಾಗ್ಬೇಕು."

ಗಿರಿಜಕ್ಕ ಫೋನನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. "ಹಾರೋ ಆನೆ! ಇದ್ರ ಮೇಲಿಂದ ಬಿದ್ರೆ ಇನ್ನೊಂದು ಕಾಲೂ ಹೋಗ್ತದೆ" ಎಂದು ನಗಲು ಶುರುಮಾಡಿದರು. ನಗುತ್ತ ಕೆಮ್ಮು ಬಂತು. ಮಗಳು ನಕ್ಕಳು, ನನ್ನ ಅಮ್ಮ ನಕ್ಕರು. ರೈಟರು ಮುಖ ತಿರುಗಿಸಿಕೊಂಡು ಟವೆಲಿನಿಂದ ಕಣ್ಣೊರೆಸಿಕೊಂಡರು. ಅವರ ಬೆನ್ನು ಕುಲುಕುತ್ತಿತ್ತು.

ಅಂದು ಗೋಡೆಯಾಚೆ ಓಡಾಟ ಕೇಳಲಿಲ್ಲ. ಕೇಳಲಿಲ್ಲವೋ, ನಾನು ಮಲಗಿದ್ದೆನೋ. ಕಣ್ಣು ಬಿಟ್ಟಾಗ ಬೆಳಕಾಗಿತ್ತು. ಸೀರೆ ಉಬ್ಬುವುದನ್ನು ಕಾಣದೆ ಎದ್ದ ಮೊದಲ ಬೆಳಗು. ಹೊರಗೆ ಬಂದರೆ ಮಸ್ಟರಿನ ಜಾಗದಲ್ಲಿ ಜನ ಗುಂಪಾಗಿ ನಿಂತಿದ್ದರು. ಹೆಸರು ಕರೆಯುವವರಿಲ್ಲ. ರೈಟರ ಮನೆಯ ಬಾಗಿಲು ಇನ್ನೂ ಮುಚ್ಚಿತ್ತು, ಒಳಗಿನಿಂದ ಅವರ ಗೊರಕೆ ಕೇಳುತ್ತಿತ್ತು. ಇಷ್ಟು ವರ್ಷದಲ್ಲಿ ಎಂದೂ ಹಾಗಾಗಿರಲಿಲ್ಲ. ಒಬ್ಬ ಹುಡುಗಿ ಕದ ತಟ್ಟಲು ಹೊರಟಳು. ಕಣದಲ್ಲಿ ಅವರನ್ನು ನಿಲ್ಲಿಸಿಕೊಂಡು ಬೈದಿದ್ದ ಮಂದಿಯ ನಡುವಿನಿಂದ ಮೇಸ್ತ್ರಿ ಅವಳನ್ನು ತಡೆದ.

"ಮಲಗ್ಲಿ ಬಿಡಿ" ಎಂದ, ತಗ್ಗಿದ ದನಿಯಲ್ಲಿ. "ದಾರಿ ನಾನು ನೋಡ್ಕೊಂಡು ಬರ್ತೀನಿ."

ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನೂ ಜಗುಲಿಯಿಂದಿಳಿದು ಅವರ ಜೊತೆ ನಿಂತೆ. ಸದ್ದು ಮಾಡದೆ ಕಾದೆವು.