ದಸ್ತಗೀರ ಕಾಕಾ ಮತ್ತು ಒಪ್ಪಿಗೆಯ ಕಾಗದ

ಮೊನ್ನೆ ರವಿವಾರ ಮಗಳ ಲಂಗದ ಅಂಚು ಬಿಚ್ಚಿದೆಯೆಂದು ಹೊಲಿಗೆ ಮಷೀನಿನ ಮುಚ್ಚಳ ತೆಗೆದೆ. ಎರಡು ಹನಿ ಎಣ್ಣೆ ಬಿಟ್ಟು ಚಕ್ರ ತಿರುಗಿಸಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಅದರಿಂದ ದರ್ಜಿಯ ಅಂಗಡಿ ನೆನಪಾದೀತು. ನನಗೆ ನೆನಪಾಗುವುದು ಆಸ್ಪತ್ರೆಯೊಂದರ ಮೀಟಿಂಗ್ ಹಾಲ್. ನಗಬೇಡಿ, ಹೇಳುತ್ತೇನೆ.

ನಾನು ಮಾಡುವ ಕೆಲಸಕ್ಕೆ ಆಗ ನಮ್ಮ ಓಣಿಯಲ್ಲಿ ಹೆಸರೇ ಇರಲಿಲ್ಲ. ಜೀವಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿ, ಎಲ್ಲಿಯೂ ಪಾಠ ಹೇಳುವ ನೌಕರಿ ಸಿಗದೆ, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರ ನೈತಿಕ ಸಮಿತಿಯ ಕಚೇರಿ ಸೇರಿದ್ದೆ. ರೋಗಿಗಳ ಮೇಲೆ ಹೊಸ ಔಷಧದ ಪ್ರಯೋಗ ಮಾಡಬೇಕೆಂದರೆ ಮೊದಲು ಈ ಸಮಿತಿ ಒಪ್ಪಬೇಕು. ಆಮೇಲೆ ರೋಗಿ ಒಪ್ಪಬೇಕು. ರೋಗಿ ಸಹಿ ಹಾಕುವ ಒಪ್ಪಿಗೆಯ ಕಾಗದವನ್ನು ಕನ್ನಡಕ್ಕೆ ತಂದು ಓದಿ ಹೇಳುವುದು ನನ್ನ ಕೆಲಸ. ಅವ್ವ ಕೇಳಿದವರಿಗೆಲ್ಲ, "ನಮ್ಮ ಹುಡುಗಿ ದವಾಖಾನ್ಯಾಗ ಕಾಗದ ಓದ್ತಾಳ್ರಿ" ಎಂದು ಹೇಳಿ, ಮುಂದಿನ ಪ್ರಶ್ನೆ ಬರುವ ಮೊದಲೇ ಒಳಗೆ ಹೋಗಿಬಿಡುತ್ತಿದ್ದಳು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು, "ಓದಿ ಏನ ಮಾಡ್ತಾಳ್ರಿ?" ಎಂದು ಕೇಳಿದ ದಿನ ಮಾತ್ರ ಅವಳಿಗೆ ಎದ್ದು ಒಳಗೆ ಹೋಗಲಾಗಲಿಲ್ಲ.

ಸಮಿತಿಯಲ್ಲಿ ಡಾಕ್ಟರರ ಜೊತೆಗೆ ವೈದ್ಯಕೀಯದ ಗಂಧವೇ ಇಲ್ಲದ ಒಬ್ಬ ಸಾಮಾನ್ಯ ನಾಗರಿಕ ಇರಬೇಕೆಂಬ ನಿಯಮವಿದೆ. ಆ ಕುರ್ಚಿಯಲ್ಲಿ ದಸ್ತಗೀರ ಕಾಕಾ ಕೂರುತ್ತಿದ್ದರು. ಕೇಶ್ವಾಪುರದಲ್ಲಿ ಹೊಲಿಗೆ ಮಷೀನ್ ರಿಪೇರಿ ಅವರ ವೃತ್ತಿ. ಓದಿದ್ದು ಕನ್ನಡ ಸಾಲಿಯಲ್ಲಿ ಏಳನೆಯವರೆಗೆ. ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡೇ ಬರುವರು, ಆದರೆ ಎಷ್ಟು ತಿಕ್ಕಿ ತೊಳೆದರೂ ಎಣ್ಣೆಯ ವಾಸನೆ ಕೈ ಬಿಡುತ್ತಿರಲಿಲ್ಲ. ಮೊದಲ ಮೂರು ಮೀಟಿಂಗುಗಳಲ್ಲಿ ಚಹಾ ಕುಡಿದು ಸುಮ್ಮನೆ ಹೋದರು. ನಾಲ್ಕನೆಯದರಲ್ಲಿ ಸಕ್ಕರೆ ಕಾಯಿಲೆಯ ಹೊಸ ಗುಳಿಗೆಯ ಕಾಗದ ಹಿಡಿದು ನನ್ನ ಕಡೆ ನೋಡಿದರು.

"ಬೇಟಿ, ಈ 'ಯಾದೃಚ್ಛಿಕ' ಅಂದ್ರ ಏನು?"

ಆ ಪದದ ಮೇಲೆ ನನಗೆ ಭಾರೀ ಅಭಿಮಾನ. ಎರಡು ದಿನ ನಿಘಂಟು ತಡಕಾಡಿ ತಂದದ್ದು. "ಪೂರ್ವನಿರ್ಧಾರ ಇಲ್ಲದ್ದು ಅಂತ್ರಿ" ಎಂದೆ.

"ಅಂದ್ರ?"

ನಾನು ನಿಘಂಟಿನ ಇನ್ನೊಂದು ಅರ್ಥ ಒಪ್ಪಿಸಿದೆ. ಅಧ್ಯಕ್ಷರೇ ನಡುವೆ ಬಂದು, ಅರ್ಧ ಜನಕ್ಕೆ ಹೊಸ ಗುಳಿಗೆ, ಅರ್ಧ ಜನಕ್ಕೆ ಹಳೆಯದು, ಯಾರಿಗೆ ಯಾವುದೆಂದು ಕಂಪ್ಯೂಟರ್ ಆರಿಸುತ್ತದೆ ಎಂದು ಬಿಡಿಸಿ ಹೇಳಿದರು.

"ಅಂದ್ರ ಚೀಟಿ ಎತ್ತಿಧಂಗ. ಹಂಗಂತ ಬರೀಬೇಕಲ್ರಿ ಮತ್ತ? ನನ್ನ ಹೊಟ್ಟಿಗೆ ಹೋಗೂ ಗುಳಿಗಿ ಚೀಟಿ ಎತ್ತಿ ಕೊಡ್ತಾರಂತ ನನಗ ಗೊತ್ತಾಗಬೇಕೋ ಬ್ಯಾಡೋ?" ಎಂದ ಕಾಕಾ ಮತ್ತೆ ನನ್ನತ್ತ ತಿರುಗಿದರು. "ಇಂಥಾ ಮಾತು ಹಾಕಿ ಮೊದ್ಲನೂ ಕಾಗದ ಬರದೀಯೇನು?"

ಬರೆದಿದ್ದೆ. ಅಂಥದೇ ಇನ್ನೊಂದು ಪ್ರಯೋಗ ಆಗಲೇ ನಡೆದಿತ್ತು. ಆ ಕಾಗದ ಜನಕ್ಕೆ ಎಷ್ಟು ತಿಳಿದಿದೆ ಎಂದು ಹೋಗಿ ಕೇಳೋಣ ಎಂದರು ಕಾಕಾ. ಸಮಿತಿ ಒಪ್ಪಿತು.

ಮರುವಾರ ಕಾಕಾನೂ ನಾನೂ ಅಮರಗೋಳದ ಮಾರ್ಕೆಟ್ ಯಾರ್ಡಿಗೆ ಹೋದೆವು. ಅಲ್ಲಿ ಕಾಳು ಹಸನು ಮಾಡುತ್ತಿದ್ದ ಹೆಂಗಸೊಬ್ಬಳು ನನ್ನನ್ನು ಕಂಡ ಕೂಡಲೆ ಎದ್ದು ನಿಂತಳು. ಕಾಗದ ಓದಿ ಹೇಳಿ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡವಳು ನಾನೇ.

"ಆ ಕಾಗದದಾಗ ಏನೈತಿ ಅಂತ ತಿಳೀತವಾ?" ಎಂದು ಕಾಕಾ ಕೇಳಿದರು.

"ಹೆಬ್ಬಟ್ಟ ಒತ್ತಿದ್ರ ಔಷಧ ಕೊಡ್ತಾರಂತ್ರಿ." ಕೈಯಲ್ಲಿದ್ದ ಮೊರ ಬದಿಗಿಟ್ಟು, "ಆ ಗುಳಿಗಿ ನುಂಗಿದ್ರ ತಲಿ ತಿರಗತೈತ್ರಿ. ಬಿಟ್ರ ದವಾಖಾನಿ ಬಾಗಲಾ ಬಂದ್ ಮಾಡ್ತಾರಂತ ತಗೊಳ್ಳಾಕತ್ತೇನಿ" ಎಂದಳು.

ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೂ ಚಿಕಿತ್ಸೆ ತಪ್ಪುವುದಿಲ್ಲ ಎಂಬ ಸಾಲು ಆ ಕಾಗದದಲ್ಲಿತ್ತು. 'ಸ್ವಇಚ್ಛೆಯಿಂದ ಹಿಂಸರಿಯುವ ಹಕ್ಕು ಅಬಾಧಿತವಾಗಿರುತ್ತದೆ' ಎಂದು ನಾನು ಅದನ್ನು ಗಟ್ಟಿಯಾಗಿ ಓದಿಯೂ ಇದ್ದೆ. ಮೂರು ತಿಂಗಳು ಆಕೆ ತಲೆಸುತ್ತು ತಡೆದುಕೊಂಡು ಕಾಳು ಕೇರಿದ್ದಳು. ಅಂದೇ ಅವಳನ್ನು ಕರೆತಂದೆವು. ಡಾಕ್ಟರರು ಗುಳಿಗೆ ಬದಲಿಸಿದರು. ವಾರದಲ್ಲಿ ತಲೆಸುತ್ತು ನಿಂತಿತು. ಉಳಿದವರಿಗೂ ಹೊಸದಾಗಿ ಹೇಳಿ, ಪ್ರಯೋಗ ಒಲ್ಲೆ ಎಂದವರನ್ನು ಬಿಡಲಾಯಿತು.

ಆಮೇಲೆ ಒಂದು ತಿಂಗಳು ಸಂಜೆಯ ಹೊತ್ತು ಕಾಕಾನ ಅಂಗಡಿಯಲ್ಲಿ ಕೂತು ನನ್ನ ಕನ್ನಡವನ್ನು ನಾನೇ ಕಾಟು ಹೊಡೆದು, ಹೊಸದಾಗಿ ಬರೆದು ಓದಿದೆ. ಅವರು ಮಷೀನು ಬಿಚ್ಚುತ್ತ ಕೇಳುವರು. ತಿಳಿಯದಿದ್ದರೆ, "ಇನ್ನೊಮ್ಮೆ" ಎನ್ನುವರು. ನನಗೆ ಸಿಟ್ಟು ಬರುತ್ತಿತ್ತು. ನಾಚಿಕೆ ಅದಕ್ಕಿಂತ ಹೆಚ್ಚು ಬರುತ್ತಿತ್ತು. ಚಿಕಿತ್ಸೆ, ಪ್ರಯೋಗಗಳ ಸರಿತಪ್ಪು ವಿಚಾರಿಸುವ ಜೀವನೀತಿಶಾಸ್ತ್ರ ಎಂಬುದನ್ನು ನಾನು ಪಟ್ಟು ಹಿಡಿದು ಓದಲು ಹೊರಟದ್ದು ಆ ತಿಂಗಳ ಮೇಲೆಯೇ. ಓದಿ ಬಂದು ಅದೇ ಸಮಿತಿಯ ಕಾರ್ಯದರ್ಶಿಯಾದೆ.

ವರ್ಷಗಳು ಕಳೆದವು. ಹೃದಯ ದುರ್ಬಲವಾಗಿ ಕಾಕಾ ಸಮಿತಿ ಬಿಟ್ಟರು. ಅಷ್ಟರಲ್ಲಿ ಅವರ ಕಾಯಿಲೆಗೇ ಹೊಸ ಔಷಧದ ಪ್ರಯೋಗವೊಂದು ಬಂತು. ಡಾಕ್ಟರರು, "ನೀವ ಹೋಗಿ ಹೇಳ್ರಿ, ಕಾಕಾ ಒಪ್ಪತಾರ" ಎಂದರು. ನಾನು ಹೋಗಬಾರದಿತ್ತು. ಬೇಕಾದವರ ಒಪ್ಪಿಗೆ ನಾವೇ ಕೇಳುವುದು ತಪ್ಪೆಂದು ಕಚೇರಿಯ ಹೊಸ ಹುಡುಗರಿಗೆ ಕಲಿಸುವವಳೂ ನಾನೇ. ಆದರೂ ಕಾಕಾ ಬದುಕಲಿ ಎಂಬ ಆಸೆಗೆ ಹೋದೆ.

ಕಾಗದ ಪೂರ್ತಿ ಕೇಳಿದರು. "ಛಲೋ ಬರದೀ" ಎಂದರು. ಆಮೇಲೆ, "ಒಲ್ಲೆ" ಎಂದರು.

"ಯಾಕ್ರಿ ಕಾಕಾ?" ಬಾಯಿ ತಪ್ಪಿ ಬಂತು.

ಕಾಕಾ ನಕ್ಕುಬಿಟ್ಟರು. "ಕಾರಣ ಕೇಳೂದಿಲ್ಲ ಅಂತ ನೀನ ಬರದೀಯಲ್ಲ!" ಮತ್ತೆ ಮೆಲ್ಲಗೆ, "ಬ್ಯಾರೇದವರು ಬಂದಿದ್ರ ವಿಚಾರ ಮಾಡತಿದ್ನೇನೋ. ನೀ ಬಂದೀ ಅಂತ ನಾ ಹೂಂ ಅಂದ್ರ, ಅದು ನನ್ನ ಹೂಂ ಅಲ್ಲ ಬೇಟಿ" ಎಂದರು.

ಮನೆಗೆ ನಡೆದುಕೊಂಡೇ ಬಂದೆ. ಮರುದಿನ ಸಮಿತಿಗೆ ನನ್ನ ಮೇಲೆ ನಾನೇ ದೂರು ಬರೆದುಕೊಟ್ಟೆ. ರೋಗಿಗೆ ಬೇಕಾದವರು ಒಪ್ಪಿಗೆ ಕೇಳಲು ಹೋಗಬಾರದೆಂಬ ಲಿಖಿತ ನಿಯಮ ನಮ್ಮಲ್ಲಿ ಬಂದದ್ದು ಹೀಗೆ. ಕಾಕಾ ಎಂದಿನ ಔಷಧವನ್ನೇ ತೆಗೆದುಕೊಂಡು ಇನ್ನೆರಡು ವರ್ಷ ಅಂಗಡಿ ನಡೆಸಿದರು. ಹೊಸದು ತೆಗೆದುಕೊಂಡಿದ್ದರೆ ಹೆಚ್ಚು ಬದುಕುತ್ತಿದ್ದರೇ? ಗೊತ್ತಿಲ್ಲ. ಆ ಪ್ರಶ್ನೆ ಈಗಲೂ ಆಗಾಗ ಎದ್ದು ಕೂರುತ್ತದೆ.

ರವಿವಾರ ಲಂಗ ಹಾಗೇ ಉಳಿಯಿತು. ಸಮಿತಿಯಲ್ಲಿ ಸಾಮಾನ್ಯ ನಾಗರಿಕರ ಸ್ಥಾನ ನಾಲ್ಕು ತಿಂಗಳಿಂದ ಖಾಲಿ ಇದೆ. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಹೆಸರು ಬರೆದಿಟ್ಟಿದ್ದೆ. ಇಂಗ್ಲಿಷ್ ಬಲ್ಲವರು, ಮೀಟಿಂಗು ಲಗೂ ಮುಗಿಯುತ್ತದೆ ಎಂದು. ಆ ಪತ್ರ ಕಳಿಸಲಿಲ್ಲ. ಸೋಮವಾರ ಉಣಕಲ್ಲಿಗೆ ಹೋದೆ. ಅಲ್ಲಿ ಹಿಟ್ಟಿನ ಗಿರಣಿ ನಡೆಸುವ ಹೆಂಗಸು ಗಿರಾಕಿಗಳನ್ನು ಪ್ರಶ್ನೆ ಕೇಳಿಯೇ ಸುಸ್ತು ಮಾಡುವವಳು.

"ನಾ ಏನೂ ಓದಿಲ್ರಿ ಅಕ್ಕಾರ" ಎಂದಳು.

"ಅದಕ್ಕ ಬಂದೇನ್ರಿ."

"ಡಾಕ್ಟರ್ ಮಂದಿ ಮುಂದ ಏನ ಮಾತಾಡ್ಲಿ?"

"ತಿಳೀಲಿಲ್ಲಂದ್ರ ತಿಳೀಲಿಲ್ಲ ಅನ್ರಿ. ಅಷ್ಟ ಸಾಕು."

ಆಕೆ ಕೈಯ ಹಿಟ್ಟು ಜಾಡಿಸಿದಳು. "ವಿಚಾರ ಮಾಡಿ ಫೋನ್ ಮಾಡ್ತೇನ್ರಿ. ಒಲ್ಲೆ ಅಂದ್ರ ಸಿಟ್ಟಾಗೂದಿಲ್ಲಲ್ಲ?"

"ಇಲ್ರಿ" ಎಂದೆ.

ಇವತ್ತು ಗುರುವಾರ. ಫೋನ್ ಇನ್ನೂ ಬಂದಿಲ್ಲ. ನಾನಾಗಿ ಮಾಡಿಯೂ ಇಲ್ಲ.